ಸತ್ಯಾಂಶ: ಗಂಜಿ ಬಸಿದರೆ ಅನ್ನದ ಸಕ್ಕರೆ ಹೋಗುತ್ತದೆಯೇ?

'ಅನ್ನದ ಗಂಜಿ ಬಸಿದು ಚೆಲ್ಲಿ, ಸಕ್ಕರೆಯೆಲ್ಲ ಅದರ ಜೊತೆ ಹೋಗುತ್ತದೆ. ಶುಗರ್ ಇದ್ದವರೂ ಹೊಟ್ಟೆ ತುಂಬ ಉಣ್ಣಬಹುದು.' ಕಾರವಾರ, ಕುಮಟಾ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುವ ಈ ಮಾತು ನಿಜವಲ್ಲ.

ಅಕ್ಕಿಯಲ್ಲಿರುವುದು ಮುಖ್ಯವಾಗಿ ಪಿಷ್ಟ. ಅದು ಗ್ಲುಕೋಸ್ ಆಗುವುದು ಹೊಟ್ಟೆಗೆ ಹೋದ ಮೇಲೆ. ಬಸಿದಾಗ ನೀರಿಗೆ ಬಿಟ್ಟುಕೊಂಡ ಒಂದಿಷ್ಟು ಪಿಷ್ಟ ಹೋಗುವುದು ಹೌದು, ಜೊತೆಗೆ ಬಿ ಗುಂಪಿನ ಜೀವಸತ್ವಗಳೂ ಸ್ವಲ್ಪ ಹೋಗುತ್ತವೆ. ಅಗುಳಿನೊಳಗಿನ ಪಿಷ್ಟ ಮಾತ್ರ ಅಲ್ಲೇ ಇರುತ್ತದೆ. 100 ಗ್ರಾಂ ಬಿಳಿ ಅನ್ನದಲ್ಲಿ ಸುಮಾರು 28 ಗ್ರಾಂ ಕಾರ್ಬೋಹೈಡ್ರೇಟ್ ಇರುತ್ತದೆ.

ಹಾಗಾದರೆ ನಮ್ಮ ಕುಚ್ಚಲಕ್ಕಿ? ಭತ್ತವನ್ನು ಬೇಯಿಸಿ ಒಣಗಿಸುವಾಗ ಪಿಷ್ಟದ ರಚನೆ ಬದಲಾಗುವುದರಿಂದ ಹಲವು ತಳಿಗಳಲ್ಲಿ ಉಂಡ ಮೇಲೆ ರಕ್ತದ ಸಕ್ಕರೆ ತುಸು ನಿಧಾನವಾಗಿ ಏರುತ್ತದೆ. ಏರುವುದಂತೂ ಖಚಿತ. ಎರಡು ಸೌಟು ಹೆಚ್ಚು ಬಡಿಸಿಕೊಂಡರೆ ಆ ಲಾಭವೂ ಹೋಯಿತು.

ನಿಜಕ್ಕೂ ಕೆಲಸ ಮಾಡುವುದು ಊಟದ ಕ್ರಮ. ಬಸಳೆಯ ಪದಾರ್ಥವನ್ನೋ ಬಂಗಡೆಯನ್ನೋ ಮೊದಲು ತಿಂದು, ಅನ್ನವನ್ನು ಕೊನೆಗೆ ಉಂಡರೆ ಏರಿಕೆ ಕಡಿಮೆ. ನಾರು, ಪ್ರೋಟೀನು ಜೀರ್ಣವನ್ನು ನಿಧಾನಗೊಳಿಸುತ್ತವೆ. (ಶಿರಸಿ ಕಡೆಯವರು ತಂಬುಳಿಯನ್ನು ಅನ್ನಕ್ಕೇ ಕಲಸುತ್ತಾರೆ, ಅಲ್ಲಿ ಪಲ್ಯ ಮೊದಲು ಬರಲಿ.) ಉಂಡ ಮೇಲೆ ಹತ್ತು ಹದಿನೈದು ನಿಮಿಷ ನಡೆದರೂ ಉಪಯೋಗವಿದೆ.

ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಒಮ್ಮೆಲೇ ಅನ್ನ ಬಿಡಬೇಡಿ, ಸಕ್ಕರೆ ತೀರಾ ಇಳಿಯಬಹುದು. ಮನೆಯಲ್ಲಿ ಗ್ಲುಕೋಮೀಟರ್ ಇದ್ದರೆ ಊಟ ಶುರು ಮಾಡಿದ 2 ಗಂಟೆಗೆ ನೋಡಿಕೊಳ್ಳಿ.