ಹೊರಡಿಸುವುದು ಕಾರು, ನಿಲ್ಲಿಸುವುದು ಟೈರು

ಹೊಸದಾಗಿ ಆಲ್ ವೀಲ್ ಡ್ರೈವ್ ಕಾರು ತಗೊಂಡವರ ಬಾಯಲ್ಲಿ ಒಂದು ಮಾತು ಖಾಯಂ. "ಇನ್ನು ಎಷ್ಟೇ ಹಿಮ ಬೀಳಲಿ, ತಲೆಬಿಸಿ ಇಲ್ಲ ಬಿಡಿ." ಈ ಮಾತು ಕೇಳಿದಾಗಲೆಲ್ಲ ನನಗೆ ತಲೆಬಿಸಿ ಶುರುವಾಗುತ್ತದೆ. ಆ ಕಾರು ಕೆಟ್ಟದ್ದು ಅಂತಲ್ಲ. ನಾನು ಓಡಿಸುವುದೂ ಅಂಥದ್ದೇ, ಬಿಟ್ಟುಕೊಡುವ ಯೋಚನೆಯೂ ಇಲ್ಲ. ಆದರೆ ಅದು ಯಾವ ಕೆಲಸಕ್ಕೆ ಆಗುತ್ತದೆ, ಯಾವುದಕ್ಕೆ ಆಗುವುದಿಲ್ಲ ಅನ್ನುವುದನ್ನು ಮಾರುವವರು ಹೇಳುವುದಿಲ್ಲ, ಕೊಳ್ಳುವವರು ಕೇಳುವುದಿಲ್ಲ.

ಆಲ್ ವೀಲ್ ಡ್ರೈವ್ ಅಂದರೆ ಎಂಜಿನ್ನಿನ ಶಕ್ತಿ ಎರಡರ ಬದಲು ನಾಲ್ಕು ಚಕ್ರಕ್ಕೆ ಹಂಚಿಹೋಗುತ್ತದೆ. ಒಂದೊಂದು ಟೈರಿಗೂ ಹೊರೆ ಕಡಿಮೆ. ಹಾಗಾಗಿ ಜಾರುವ ನೆಲದಲ್ಲೂ ಚಕ್ರ ನಿಂತಲ್ಲೇ ಗಿರಗಿರ ತಿರುಗದೆ ಕಾರನ್ನು ಮುಂದಕ್ಕೆ ತಳ್ಳುತ್ತದೆ. ದಿಬ್ಬ ಹತ್ತುವುದಕ್ಕೆ, ಹಿಮ ತುಂಬಿದ ಪಾರ್ಕಿಂಗ್ ಜಾಗದಿಂದ ಈಚೆ ಬರುವುದಕ್ಕೆ ಇದು ನಿಜಕ್ಕೂ ದೊಡ್ಡ ಸಹಾಯ. ಸರಿ, ಬ್ರೇಕ್ ವಿಷಯ? ಬ್ರೇಕು ಯಾವ ಕಾರಿಗಾದರೂ ನಾಲ್ಕು ಚಕ್ರಕ್ಕೂ ಇರುತ್ತದೆ. ಅಲ್ಲಿ ನಿಮ್ಮ ಕಾರಿಗೂ ಮುಂದಿನ ಎರಡೇ ಚಕ್ರಕ್ಕೆ ಶಕ್ತಿ ಹೋಗುವ ಪಕ್ಕದವರ ಹಳೇ ಫ್ರಂಟ್ ವೀಲ್ ಡ್ರೈವ್ ಕಾರಿಗೂ ವ್ಯತ್ಯಾಸ ಇಲ್ಲ. ಅವರದು ಒಳ್ಳೆ ಟೈರ್ ಆಗಿದ್ದರೆ ಅವರೇ ಮೊದಲು ನಿಲ್ಲುತ್ತಾರೆ.

ಇಲ್ಲೊಂದು ಹಳೇ ಕಥೆ ಹೇಳಬೇಕು. 1966ರಲ್ಲಿ ಬ್ರಿಟನ್ನಿನ ಜೆನ್ಸನ್ ಕಂಪನಿ ಎಫ್‌ಎಫ್ ಅನ್ನುವ ಕಾರು ತಂದಿತು. ಕಾಡುಮೇಡು ಸುತ್ತುವ ಗಾಡಿಗಳನ್ನು ಬಿಟ್ಟರೆ, ಮಾಮೂಲಿ ರಸ್ತೆಗೆ ಅಂತ ತಯಾರಾಗಿ ಮಾರಾಟಕ್ಕೆ ಬಂದ ಮೊದಲ ಆಲ್ ವೀಲ್ ಡ್ರೈವ್ ಕಾರು ಅದು. ಅದೇ ಕಾರಿನಲ್ಲಿ ಡನ್‌ಲಪ್‌ನವರ ಮ್ಯಾಕ್ಸರೆಟ್ ಅನ್ನುವ, ಚಕ್ರ ಲಾಕ್ ಆಗದಂತೆ ತಡೆಯುವ ಆಂಟಿ ಲಾಕ್ ಬ್ರೇಕ್ ಕೂಡ ಇತ್ತು. ಮೂಲದಲ್ಲಿ ವಿಮಾನದ ಚಕ್ರಗಳಿಗೆ ಅಂತ ಮಾಡಿದ್ದು. ಅಂದರೆ ಹೊರಡುವ ಯೋಚನೆ ಮಾಡಿದವರು ನಿಲ್ಲುವ ಯೋಚನೆಯನ್ನೂ ಜೊತೆಗೇ ಮಾಡಿದ್ದರು. ಆ ಕಾರು ಮಾರಾಟವಾಗಿದ್ದು ಕೆಲವೇ ನೂರು. 1980ರಲ್ಲಿ ಆಡಿ ಕ್ವಾಟ್ರೋ ಬಂದ ಮೇಲೆ ಆಲ್ ವೀಲ್ ಡ್ರೈವ್ ಎಲ್ಲರ ಬಾಯಿಗೆ ಬಂತು. ಅಲ್ಲಿಂದ ಈಚೆಗೆ ಜಾಹೀರಾತಿನವರಿಗೆ ಹಿಮ ಚಿಮ್ಮಿಸಿಕೊಂಡು ಹೋಗುವ ಕಾರೇ ಬೇಕು. ನಿಲ್ಲುವ ಕಾರಿನ ಜಾಹೀರಾತು ಯಾರು ನೋಡುತ್ತಾರೆ ಹೇಳಿ.

ನನ್ನ ತಕರಾರು ಇರುವುದು ಇದಕ್ಕಿಂತ ಒಂದು ಹೆಜ್ಜೆ ಮುಂದೆ. ಆಲ್ ವೀಲ್ ಡ್ರೈವ್ ನಿಲ್ಲುವುದಕ್ಕೆ ಸಹಾಯ ಮಾಡುವುದಿಲ್ಲ ಅಷ್ಟೇ ಅಲ್ಲ, ನಿಲ್ಲುವುದು ಕಷ್ಟ ಇದೆ ಅನ್ನುವ ಸುದ್ದಿಯನ್ನೂ ಮುಚ್ಚಿಡುತ್ತದೆ. ಎರಡೇ ಚಕ್ರಕ್ಕೆ ಶಕ್ತಿ ಹೋಗುವ ಕಾರಾದರೆ ಗೇಟು ದಾಟುವಾಗಲೇ ಹೇಳಿಬಿಡುತ್ತದೆ. ಆಕ್ಸಿಲರೇಟರ್ ಸ್ವಲ್ಪ ಒತ್ತಿದರೆ ಚಕ್ರ ಸುಯ್ಯನೆ ತಿರುಗುತ್ತದೆ, ಮುಂಭಾಗ ಒಂಚೂರು ಪಕ್ಕಕ್ಕೆ ಹೋಗುತ್ತದೆ, ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಮಿಣುಕುತ್ತದೆ. ಓಹೋ, ಇವತ್ತು ರಸ್ತೆ ಸರಿ ಇಲ್ಲ ಅಂತ ಗೊತ್ತಾಗುತ್ತದೆ, ಕಾಲು ತಾನಾಗಿಯೇ ಹಗುರಾಗುತ್ತದೆ. ಆಲ್ ವೀಲ್ ಡ್ರೈವ್ ಕಾರು ಹಾಗೆ ಹೇಳುವುದಿಲ್ಲ. ಬೇಸಿಗೆಯಲ್ಲಿ ಹೊರಟ ಹಾಗೇ ಹೊರಡುತ್ತದೆ. ಅರವತ್ತರ ವೇಗ ಮುಟ್ಟುವವರೆಗೂ ಎಲ್ಲ ಸುಗಮ. ರಸ್ತೆ ಎಷ್ಟು ಜಾರುತ್ತದೆ ಅನ್ನುವುದು ಗೊತ್ತಾಗುವುದು ಮೊದಲ ಸಲ ಬ್ರೇಕ್ ಒತ್ತಿದಾಗ. ಅಷ್ಟು ಹೊತ್ತಿಗೆ ಮುಂದೆ ಸಿಗ್ನಲ್ ಇರುತ್ತದೆ, ಸಿಗ್ನಲ್ಲಿನಲ್ಲಿ ಇನ್ನೊಂದು ಕಾರು ಇರುತ್ತದೆ.

ಲೆಕ್ಕ ನೋಡಿ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿದ್ದೀರಿ. ಒಣ ಡಾಂಬರಿನ ಮೇಲೆ ಬ್ರೇಕ್ ಹಿಡಿದಲ್ಲಿಂದ ಸುಮಾರು 12–13 ಮೀಟರಿನಲ್ಲಿ ಕಾರು ನಿಲ್ಲುತ್ತದೆ. ಗಟ್ಟಿಯಾಗಿ ತುಳಿದ ಹಿಮದ ಮೇಲೆ ಅದು ಸುಮಾರು 50 ಮೀಟರ್. ಐಸ್ ಮೇಲೆ ಸುಮಾರು 100. ಅಪಾಯ ಕಂಡು ಕಾಲು ಬ್ರೇಕಿಗೆ ಬರುವಷ್ಟರಲ್ಲಿ ಹೋಗುವ ದೂರ ಬೇರೆ, ಒಂದು ಸೆಕೆಂಡಿಗೆ 14 ಮೀಟರಿನಂತೆ. ವೇಗ ಎರಡು ಪಟ್ಟಾದರೆ ಬ್ರೇಕಿಗೆ ಬೇಕಾದ ದೂರ ನಾಲ್ಕು ಪಟ್ಟು. ಐಸ್ ಇದ್ದ ದಿನ ಮುಂದಿನ ಗಾಡಿಯಿಂದ ಬಿಡಬೇಕಾದ ಅಂತರ ಒಣ ರಸ್ತೆಯ ಹತ್ತು ಪಟ್ಟು ಆಗಬಹುದು ಅಂತ ಬ್ರಿಟನ್ನಿನ ರಸ್ತೆ ನಿಯಮಗಳ ಪುಸ್ತಕ ಹೈವೇ ಕೋಡ್ ಹೇಳುತ್ತದೆ. ಅಷ್ಟು ಅಂತರ ಬಿಟ್ಟರೆ ನಡುವೆ ಇನ್ನಿಬ್ಬರು ತೂರಿಕೊಳ್ಳುತ್ತಾರೆ, ನಿಜ. ತೂರಿಕೊಳ್ಳಲಿ. ಮತ್ತೆ ಹಿಂದೆ ಸರಿಯಿರಿ.

ಅದಕ್ಕೇ ಹಿಮದ ದಿನ ಹೊರಟ ಕೂಡಲೇ ನಾನು ಒಂದು ಕೆಲಸ ಮಾಡುತ್ತೇನೆ. ನೇರವಾದ, ಸಮತಟ್ಟಾದ ಜಾಗ ಸಿಕ್ಕ ತಕ್ಷಣ ಹಿಂದೆ ಮುಂದೆ ಯಾರೂ ಇಲ್ಲ ಅಂತ ಕನ್ನಡಿ ನೋಡಿಕೊಂಡು, ಇಪ್ಪತ್ತು ಮೂವತ್ತರ ವೇಗದಲ್ಲಿ ಬ್ರೇಕನ್ನು ಗಟ್ಟಿಯಾಗಿ ಒತ್ತುತ್ತೇನೆ. ರಸ್ತೆ ಚೆನ್ನಾಗಿದ್ದರೆ ಮೈ ಮುಂದಕ್ಕೆ ಬಾಗುತ್ತದೆ, ಕಾರು ನಿಲ್ಲುತ್ತದೆ. ಇಲ್ಲದಿದ್ದರೆ ಪಾದದ ಕೆಳಗೆ ಪೆಡಲ್ ಪಟಪಟ ಹೊಡೆದುಕೊಳ್ಳುತ್ತದೆ, ಕೆಳಗಿನಿಂದ ಕರಕರ ಸದ್ದು ಬರುತ್ತದೆ, ಮೈ ಮಾತ್ರ ಮುಂದಕ್ಕೆ ಬಾಗುವುದಿಲ್ಲ. ಕಾರು ನಿಧಾನವಾಗಿ ಹೋಗುತ್ತಲೇ ಇರುತ್ತದೆ. ಆ ಪಟಪಟ ಎಬಿಎಸ್‌ನದು, ಅಂದರೆ ಮೇಲೆ ಹೇಳಿದ ಆಂಟಿ ಲಾಕ್ ಬ್ರೇಕಿನದು. ಹೆದರಿ ಕಾಲು ತೆಗೆಯಬೇಡಿ, ಒತ್ತಿಯೇ ಇಡಿ. ಎಬಿಎಸ್ ಇರುವುದು ಚಕ್ರ ಲಾಕ್ ಆಗದೆ ಸ್ಟೀರಿಂಗ್ ನಿಮ್ಮ ಮಾತು ಕೇಳಲಿ ಅಂತ. ದೂರ ಕಡಿಮೆ ಆಗೇ ಆಗುತ್ತದೆ ಅನ್ನುವ ಭರವಸೆ ಅದರಲ್ಲಿಲ್ಲ. ಪುಡಿ ಹಿಮದಲ್ಲಿ ಲಾಕ್ ಆದ ಚಕ್ರ ಮುಂದೆ ಒಂದಷ್ಟು ಹಿಮ ರಾಶಿ ಹಾಕಿಕೊಂಡು ಬೇಗ ನಿಲ್ಲುವುದೂ ಉಂಟು, ಎಬಿಎಸ್ ಇದ್ದರೆ ಆ ರಾಶಿ ಆಗುವುದಿಲ್ಲ. ಆದರೂ ನನಗೆ ಎಬಿಎಸ್ ಬೇಕು. ಪಕ್ಕಕ್ಕೆ ತಪ್ಪಿಸಿಕೊಳ್ಳುವ ದಾರಿ ತೆರೆದಿರುತ್ತದೆ ಅಲ್ವಾ.

ಇನ್ನು ಟೈರ್. ಆಲ್ ವೀಲ್ ಡ್ರೈವಿಗೆ ಅಷ್ಟೊಂದು ಜಾಸ್ತಿ ದುಡ್ಡು ಕೊಟ್ಟು, ಸವೆದ ಬೇಸಿಗೆ ಟೈರಿನಲ್ಲೇ ಚಳಿಗಾಲ ಕಳೆಯುವವರನ್ನು ಕಂಡರೆ ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅನ್ನುವ ಗಾದೆ ನೆನಪಾಗುತ್ತದೆ. ರಸ್ತೆ ಮುಟ್ಟುವುದು ಟೈರು ಮಾತ್ರ. ಒಂದೊಂದರದ್ದೂ ಹೆಚ್ಚುಕಡಿಮೆ ಅಂಗೈ ಅಗಲದಷ್ಟು ಜಾಗ. ಬೇಸಿಗೆ ಟೈರಿನ ರಬ್ಬರು ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಬಿಗಿಯಾಗತೊಡಗುತ್ತದೆ. ಹಿಮವೇ ಬೀಳಬೇಕೆಂದಿಲ್ಲ, ಒಣ ಚಳಿಯಲ್ಲೂ ಹಿಡಿತ ಕಡಿಮೆಯಾಗುತ್ತದೆ. ಚಳಿಗಾಲದ ಟೈರಿನ ರಬ್ಬರು ಬೇರೆ ಬಗೆಯದು, ಕೊರೆಯುವ ಚಳಿಯಲ್ಲೂ ಮೆತ್ತಗಿರುತ್ತದೆ. ಅದರ ಮೇಲ್ಮೈ ಹತ್ತಿರದಿಂದ ನೋಡಿ. ದೊಡ್ಡ ಕಟ್ಟೆಗಳ ಮೇಲೆ ಬ್ಲೇಡಿನಲ್ಲಿ ಗೀರಿದಂಥ ಸಣ್ಣ ಸಣ್ಣ ಅಂಕುಡೊಂಕು ಸೀಳುಗಳಿರುತ್ತವೆ. ಬೆರಳಿನಿಂದ ಒತ್ತಿದರೆ ಬಾಯಿ ಬಿಡುತ್ತವೆ. ಹಿಮ, ಐಸಿನ ಮೇಲೆ ಹಿಡಿತ ಕೊಡುವುದು ಆ ಸೀಳುಗಳ ನೂರಾರು ಅಂಚುಗಳು. ಕಟ್ಟೆಗಳ ನಡುವಿನ ಅಗಲ ಸಂದಿಯಲ್ಲಿ ಹಿಮ ತುಂಬಿಕೊಳ್ಳುತ್ತದೆ, ಹಿಮಕ್ಕೆ ಹಿಮ ಅಂಟುತ್ತದೆ, ಅದೂ ಹಿಡಿತವೇ.

ಕೊಳ್ಳುವಾಗ ಟೈರಿನ ಪಕ್ಕದಲ್ಲಿ ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳು ಇರುವ ಗುರುತು ಹುಡುಕಿ. ಹಿಮದ ಮೇಲೆ ಪರೀಕ್ಷೆ ಪಾಸಾದ ಟೈರಿಗೆ ಮಾತ್ರ ಅದು ಸಿಗುತ್ತದೆ. ಬರೀ 'ಎಂ ಪ್ಲಸ್ ಎಸ್' (ಮಡ್ ಅಂಡ್ ಸ್ನೋ, ಕೆಸರು ಮತ್ತು ಹಿಮ) ಅಂತ ಇದ್ದರೆ ಅದಕ್ಕೆ ಅಂಥ ಪರೀಕ್ಷೆಯೇನೂ ಬೇಕಿಲ್ಲ. ಜರ್ಮನಿಯಲ್ಲಿ 2024ರ ಅಕ್ಟೋಬರಿನಿಂದ ಬೆಟ್ಟದ ಗುರುತು ಇಲ್ಲದ ಟೈರು ಚಳಿಗಾಲದ ಟೈರೇ ಅಲ್ಲ. ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಚಳಿಗಾಲದ ಟೈರ್ ಕಡ್ಡಾಯ. ನಮ್ಮದು ಆಲ್ ವೀಲ್ ಡ್ರೈವ್ ಸ್ವಾಮಿ ಅಂದರೆ ಅಲ್ಲಿ ಯಾರೂ ಬಿಡುವುದಿಲ್ಲ. ಟ್ರೆಡ್ ಆಳ, ಅಂದರೆ ಟೈರಿನ ಮೇಲ್ಮೈಯ ಸಂದಿಗಳ ಆಳ, 1.6 ಮಿಲಿಮೀಟರ್ ಇದ್ದರೆ ಕಾನೂನಿಗೆ ಸಾಕು ಅನ್ನುವ ದೇಶಗಳು ಬಹಳ, ಆದರೆ ಹಿಮಕ್ಕೆ 4 ಮಿಲಿಮೀಟರಿಗಿಂತ ಕೆಳಗೆ ಹೋಗಬಾರದು ಅನ್ನುವುದು ಟೈರ್ ಬಲ್ಲವರ ಮಾತು. ಇನ್ನೊಂದು ವಿಷಯ, ಆಲ್ ವೀಲ್ ಡ್ರೈವಿಗೆ ನಾಲ್ಕೂ ಟೈರು ಒಂದೇ ಬಗೆ, ಹೆಚ್ಚುಕಡಿಮೆ ಒಂದೇ ಸವೆತ ಇರಬೇಕು. ಎರಡು ಹೊಸದು ಎರಡು ಹಳೇದು ಅಂತ ಹಾಕಿದರೆ ಚಕ್ರಗಳ ಸುತ್ತಳತೆ ಬೇರೆಬೇರೆಯಾಗಿ ಮುಂದಿನ ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ನಡುವಿನ ಕ್ಲಚ್ಚೋ ಡಿಫರೆನ್ಷಿಯಲ್ಲೋ ದಿನವಿಡೀ ತೇಯುತ್ತಿರುತ್ತದೆ. ಆ ರಿಪೇರಿಯ ಬಿಲ್ಲಿನ ಮುಂದೆ ಟೈರಿನ ಬಿಲ್ಲು ಏನೂ ಅಲ್ಲ.

ಆಲ್ ವೀಲ್ ಡ್ರೈವ್ ಅಂದರೂ ಎಲ್ಲ ಒಂದೇ ಅಲ್ಲ. ಕೆಲವದರಲ್ಲಿ ನಾಲ್ಕೂ ಚಕ್ರಕ್ಕೆ ಯಾವಾಗಲೂ ಶಕ್ತಿ ಹೋಗುತ್ತದೆ. ಬಹಳಷ್ಟು ಸಣ್ಣ ಎಸ್‌ಯುವಿಗಳು ಮಾಮೂಲಿಯಾಗಿ ಮುಂದಿನ ಚಕ್ರದಲ್ಲೇ ಓಡುತ್ತವೆ, ಬೇಕಾದಾಗ ಕ್ಲಚ್ ಹಿಂದಿನ ಚಕ್ರವನ್ನು ಸೇರಿಸಿಕೊಳ್ಳುತ್ತದೆ. ಲಿವರೋ ಗುಂಡಿಯೋ ಬಳಸಿ ಹಾಕುವ ಹಳೇ ಶೈಲಿಯ ಫೋರ್ ವೀಲ್ ಡ್ರೈವ್ ಬೇರೆಯೇ, ಅದನ್ನು ಒಣ ರಸ್ತೆಯಲ್ಲಿ ಹಾಕಿಕೊಂಡು ಓಡಿಸಬಾರದು. ನಿಮ್ಮದು ಯಾವುದು ಅಂತ ಕಾರಿನ ಜೊತೆ ಬಂದ ಪುಸ್ತಕದಲ್ಲಿ ಒಮ್ಮೆ ನೋಡಿಬಿಡಿ.

ತಿರುವಿನ ವಿಷಯಕ್ಕೆ ಬರೋಣ. ಟೈರಿನ ಹತ್ತಿರ ಇರುವ ಹಿಡಿತ ಇಷ್ಟೇ. ಬ್ರೇಕಿಗೂ ಅದೇ, ತಿರುಗುವುದಕ್ಕೂ ಅದೇ, ವೇಗ ಏರಿಸುವುದಕ್ಕೂ ಅದೇ. ಒಂದಕ್ಕೆ ಪೂರ್ತಿ ಕೊಟ್ಟರೆ ಇನ್ನೊಂದಕ್ಕೆ ಉಳಿಯುವುದಿಲ್ಲ. ಅದಕ್ಕೆ ನೇರ ರಸ್ತೆಯಲ್ಲೇ ವೇಗ ಇಳಿಸಿ, ಆಮೇಲೆ ಬ್ರೇಕ್ ಬಿಟ್ಟು ತಿರುಗಿಸಿ, ಸ್ಟೀರಿಂಗ್ ನೇರವಾಗುತ್ತಾ ಬಂದ ಮೇಲೆ ಮೆಲ್ಲಗೆ ಆಕ್ಸಿಲರೇಟರ್ ಕೊಡಿ. ಆಲ್ ವೀಲ್ ಡ್ರೈವ್ ಕಾರುಗಳು ಸಾಮಾನ್ಯವಾಗಿ ಕೈಕೊಡುವುದು ಮುಂಭಾಗ ಜಾರಿ. ನೀವು ತಿರುಗಿಸಿದರೂ ಕಾರು ನೇರ ಹೋಗುತ್ತದೆ. ಆಗ ಎಲ್ಲರೂ ಮಾಡುವುದು ಇನ್ನಷ್ಟು ತಿರುಗಿಸುವುದು. ಅದರಿಂದ ಕೆಟ್ಟೀತೇ ಹೊರತು ಸರಿಹೋಗದು. ಆಕ್ಸಿಲರೇಟರಿನಿಂದ ಕಾಲು ಮೆಲ್ಲಗೆ ತೆಗೆದು, ಸ್ಟೀರಿಂಗನ್ನು ಸ್ವಲ್ಪ ಹಿಂದಕ್ಕೆ ಬಿಡಿ. ಟೈರು ಮತ್ತೆ ನೆಲ ಕಚ್ಚಿದ್ದು ಕೈಗೇ ಗೊತ್ತಾಗುತ್ತದೆ. ಹಿಂಭಾಗ ಜಾರಿದರೆ ಬ್ರೇಕ್ ಮುಟ್ಟದೆ, ಹೋಗಬೇಕಾದ ಕಡೆ ಕಣ್ಣಿಟ್ಟು ಆ ಕಡೆಗೇ ಸ್ಟೀರಿಂಗ್ ತಿರುಗಿಸಿ. ಗುದ್ದಬಾರದು ಅಂದುಕೊಂಡ ಕಂಬವನ್ನೇ ನೋಡುತ್ತಿದ್ದರೆ ಕೈಯೂ ಕಂಬದ ಕಡೆಗೇ ಎಳೆಯುತ್ತದೆ. ಆಕ್ಸಿಲರೇಟರ್ ಒತ್ತಿದರೆ ಆಲ್ ವೀಲ್ ಡ್ರೈವ್ ತಾನೇ ಎಳೆದು ಸರಿಮಾಡುತ್ತದೆ ಅನ್ನುವ ವಿದ್ಯೆ ರ್‍ಯಾಲಿಯವರಿಗೆ ಇರಲಿ. ಅವರಿಗೆ ಎದುರಿನಿಂದ ಬಸ್ ಬರುವುದಿಲ್ಲ.

ಬಿದ್ದ ಹಿಮ ಕಣ್ಣಿಗೆ ಕಾಣುತ್ತದೆ. ಭಯ ಪಡಬೇಕಾದ್ದು ಬ್ಲ್ಯಾಕ್ ಐಸ್‌ಗೆ. ಗಾಜಿನಷ್ಟು ತಿಳಿಯಾದ ತೆಳು ಪದರ, ಕೆಳಗಿನ ಡಾಂಬರು ಹಾಗೇ ಕಾಣುತ್ತದೆ, ಒದ್ದೆ ರಸ್ತೆ ಅಂದುಕೊಳ್ಳುತ್ತೇವೆ. ಸೇತುವೆಗಳ ಮೇಲೆ ಮೊದಲು ಕಟ್ಟುತ್ತದೆ, ಅಲ್ಲಿ ಮೇಲೂ ಕೆಳಗೂ ತಣ್ಣನೆ ಗಾಳಿ. ಬಿಸಿಲು ಬೀಳದ ತಿರುವು, ಮರದ ನೆರಳು, ಬೆಳಗಿನ ಜಾವ, ಇವೆಲ್ಲ ಅದರ ಜಾಗ, ಅದರ ಹೊತ್ತು. ರಸ್ತೆ ಒದ್ದೆ ಕಾಣುತ್ತಿದ್ದರೂ ಮುಂದಿನ ಗಾಡಿಯ ಚಕ್ರದಿಂದ ನೀರು ಹಾರುತ್ತಿಲ್ಲ ಅಂದರೆ ಅನುಮಾನ ಪಡಿ. ಟೈರಿನ ಸದ್ದು ಇದ್ದಕ್ಕಿದ್ದ ಹಾಗೆ ನಿಂತು ಸ್ಟೀರಿಂಗ್ ಹಗುರಾದರೆ ನೀವು ಆಗಲೇ ಅದರ ಮೇಲಿದ್ದೀರಿ. ಆಗ ಏನೂ ಮಾಡದಿರುವುದೇ ಒಳ್ಳೆಯದು. ಸ್ಟೀರಿಂಗ್ ನೇರ ಹಿಡಿದು, ಬ್ರೇಕೂ ಇಲ್ಲ ಆಕ್ಸಿಲರೇಟರೂ ಇಲ್ಲ, ದಾಟಿಬಿಡಿ. ಡ್ಯಾಶ್‌ಬೋರ್ಡ್ ತೋರಿಸುವುದು ಗಾಳಿಯ ಉಷ್ಣತೆ, ರಸ್ತೆಯದ್ದಲ್ಲ. ಅಲ್ಲಿ 2 ಡಿಗ್ರಿ ಇದ್ದರೂ ನೆಲದಲ್ಲಿ ಐಸ್ ಕಟ್ಟಿರಬಹುದು. ಇನ್ನೊಂದು ವಿಚಿತ್ರ, ಮೈನಸ್ 20ಕ್ಕಿಂತ ಸೊನ್ನೆಯ ಆಸುಪಾಸಿನ ಐಸೇ ಜಾಸ್ತಿ ಜಾರುವುದು. ಕರಗುವ ಹಂತದಲ್ಲಿ ಮೇಲೊಂದು ನೀರಿನ ಪದರ ಇರುತ್ತದೆ. ವೇಗವನ್ನು ಕಾರೇ ಕಾಯ್ದುಕೊಳ್ಳುವ ಕ್ರೂಸ್ ಕಂಟ್ರೋಲ್ ಇಂಥ ದಿನ ಬೇಡವೇ ಬೇಡ.

ಇಳಿಜಾರಿನಲ್ಲಿ ಮಾತ್ರ ಆಲ್ ವೀಲ್ ಡ್ರೈವಿನಿಂದ ಒಂದು ಉಪಕಾರ ಇದೆ. ಕಡಿಮೆ ಗೇರಿನಲ್ಲಿ ಇಳಿದರೆ ಎಂಜಿನ್ ಬ್ರೇಕಿಂಗ್, ಅಂದರೆ ಎಂಜಿನ್ನೇ ಕಾರನ್ನು ಹಿಡಿದು ನಿಧಾನ ಮಾಡುವುದು, ಎರಡೇ ಚಕ್ರದ ಮೇಲೆ ಬೀಳದೆ ಹಂಚಿಹೋಗುತ್ತದೆ. ಎಲೆಕ್ಟ್ರಿಕ್ ಕಾರಿನವರು ಕಾಲು ತೆಗೆದ ಕೂಡಲೇ ಜೋರಾಗಿ ಹಿಡಿಯುವ ರೀಜನ್ನನ್ನು (ಮೋಟಾರೇ ಮಾಡುವ ಬ್ರೇಕಿಂಗ್) ಕಡಿಮೆ ಇಟ್ಟುಕೊಳ್ಳಿ, ಸ್ನೋ ಮೋಡ್ ಇದ್ದರೆ ಹಾಕಿ.

ಸಿಕ್ಕಿಹಾಕಿಕೊಂಡರೆ ಚಕ್ರ ತಿರುಗಿಸುತ್ತಾ ಕೂರಬೇಡಿ, ಕೆಳಗಿನ ಹಿಮ ಕರಗಿ ಐಸ್ ಆಗುತ್ತದೆ. ಚಕ್ರ ಜಾರಿದರೆ ಶಕ್ತಿ ತಗ್ಗಿಸುವ ಟ್ರ್ಯಾಕ್ಷನ್ ಕಂಟ್ರೋಲ್ ಆಫ್ ಮಾಡಿ, ಮೆಲ್ಲಗೆ ಹಿಂದೆ ಮುಂದೆ ಆಡಿಸಿ ನೋಡಿ. ಬರದಿದ್ದರೆ ಸಲಿಕೆಯೇ ಗತಿ. ಎಂಜಿನ್ ಚಾಲು ಇಟ್ಟು ಕಾಯುವುದಾದರೆ ಮೊದಲು ಇಳಿದು ಸೈಲೆನ್ಸರಿನ ಬಾಯಿ ಹಿಮದಲ್ಲಿ ಮುಚ್ಚಿಲ್ಲ ಅಂತ ಖಚಿತ ಮಾಡಿಕೊಳ್ಳಿ. ಮುಚ್ಚಿದ್ದರೆ ಕಾರ್ಬನ್ ಮೊನಾಕ್ಸೈಡ್ ಕಾರಿನೊಳಗೆ ಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ.

ಕೊನೆಗೆ ಹಿಮದಲ್ಲಿ ಹಿಡಿತಕ್ಕೆ ಅಂತ ಟೈರಿಗೆ ಸುತ್ತುವ ಚೈನ್. ಆಲ್ ವೀಲ್ ಡ್ರೈವಿಗೆ ಚೈನ್ ಯಾಕೆ ಅನ್ನುವವರು ಕ್ಯಾಲಿಫೋರ್ನಿಯಾದ ಬೆಟ್ಟದ ರಸ್ತೆಗಳ ನಿಯಮ ನೋಡಬೇಕು. ಅಲ್ಲಿ ಚೈನ್ ನಿಯಮಕ್ಕೆ ಮೂರು ಹಂತ, ಒಂದಕ್ಕಿಂತ ಒಂದು ಬಿಗಿ. ಎರಡನೆಯದರಲ್ಲಿ ಆಲ್ ವೀಲ್ ಡ್ರೈವಿಗೆ ವಿನಾಯಿತಿ ಇದೆ, ಆದರೆ ನಾಲ್ಕೂ ಚಕ್ರಕ್ಕೆ ಹಿಮದ ಟೈರ್ ಇದ್ದರೆ ಮಾತ್ರ, ಚೈನ್ ಡಿಕ್ಕಿಯಲ್ಲಿ ಇರಲೇಬೇಕು. ಮೂರನೆಯದರಲ್ಲಿ ಎಲ್ಲ ಗಾಡಿಗೂ ಚೈನ್ ಕಡ್ಡಾಯ, ಯಾರಿಗೂ ವಿನಾಯಿತಿ ಇಲ್ಲ. ಆದರೆ ಆ ಹಂತ ಬರುವಷ್ಟರಲ್ಲಿ ಎಷ್ಟೋ ಸಲ ರಸ್ತೆಯನ್ನೇ ಮುಚ್ಚಿಬಿಟ್ಟಿರುತ್ತಾರೆ.