ಮುಂಬೈ ಅಗ್ಗವಾಗಿರುವುದೇ ಆ ಜನಜಂಗುಳಿಯಿಂದ

ಮುಂಬೈಗೆ ಹೋಗುತ್ತೇನೆ ಅಂದರೆ ಬೆಂಗಳೂರಿನ ಗೆಳತಿಯರು ಎರಡೇ ಮಾತು ಹೇಳುತ್ತಾರೆ. ಅಲ್ಲಿ ಸಿಕ್ಕಾಪಟ್ಟೆ ರಶ್. ಅಲ್ಲಿ ಎಲ್ಲ ದುಬಾರಿ. ಮೊದಲನೆಯದು ನಿಜ, ಎರಡನೆಯದು ಅರ್ಧ ಸುಳ್ಳು. ಕೈಯಲ್ಲಿ ಕಾಸು ಕಮ್ಮಿ ಇಟ್ಟುಕೊಂಡು ತಿರುಗುವವರಿಗೆ ನಮ್ಮ ದೊಡ್ಡ ಊರುಗಳ ಪೈಕಿ ಮುಂಬೈಯಷ್ಟು ಒಗ್ಗುವ ಊರು ಬೇರೆ ಇಲ್ಲ ಅನ್ನುವುದು ನನ್ನ ವಾದ. ಅದಕ್ಕೆ ಕಾರಣವೂ ಆ ರಶ್ಶೇ.

ಲೆಕ್ಕ ನೋಡಿ. ಲೋಕಲ್ ರೈಲಿನ ಸೆಕೆಂಡ್ ಕ್ಲಾಸ್ ಟಿಕೆಟ್ ಶುರುವಾಗುವುದು 5 ರೂಪಾಯಿಯಿಂದ. ಚರ್ಚ್‌ಗೇಟ್‌ನಿಂದ ವಿರಾರ್‌ಗೆ ಸುಮಾರು 60 ಕಿಲೋಮೀಟರ್. ಅಷ್ಟು ದೂರಕ್ಕೂ 20 ರೂಪಾಯಿ ಆಸುಪಾಸು ಅಷ್ಟೇ. ನಮ್ಮ ಮೆಟ್ರೋದ ಗರಿಷ್ಠ ದರ 2025ರಲ್ಲಿ 90ಕ್ಕೆ ಏರಿತಲ್ಲ, ಅದನ್ನು ಪಕ್ಕದಲ್ಲಿಟ್ಟು ನೋಡಿ. ಮುಂಬೈನ ಲೋಕಲ್‌ನಲ್ಲಿ ದಿನಕ್ಕೆ ಸುಮಾರು 70 ಲಕ್ಷ ಜನ ಓಡಾಡುತ್ತಾರೆ. ಚರ್ಚ್‌ಗೇಟ್ ಹತ್ತಿರದ ನರಿಮನ್ ಪಾಯಿಂಟಿನ ಆಫೀಸಿನಲ್ಲಿ ಕಸ ಗುಡಿಸುವವರ ಮನೆ ಅತ್ತ ವಿರಾರ್ ಪಕ್ಕದ ನಾಲಾಸೋಪಾರಾದಲ್ಲಿ ಇರುತ್ತದೆ. ಟಿಕೆಟ್ ದುಬಾರಿಯಾದರೆ ಅವರು ಬರುವುದಿಲ್ಲ. ಅವರು ಬರದಿದ್ದರೆ ಊರು ನಡೆಯುವುದಿಲ್ಲ. ವಡಾಪಾವ್ ಕಥೆಯೂ ಇಷ್ಟೇ. ನಿಂತಲ್ಲೇ ತಿಂದು ಓಡುವವರಿಗಾಗಿ ಹುಟ್ಟಿದ ತಿಂಡಿ ಅದು, ಒಬ್ಬೊಬ್ಬ ಗಾಡಿಯವನೂ ದಿನಕ್ಕೆ ನೂರಾರು ಮಾರುತ್ತಾನೆ, ಹಾಗಾಗಿ ಕಮ್ಮಿಗೆ ಕೊಡುವುದು ಅವನಿಗೆ ಗಿಟ್ಟುತ್ತದೆ. ಇದ್ಯಾವುದನ್ನೂ ಪ್ರವಾಸಿಗಾಗಿ ಮಾಡಿಲ್ಲ. ದುಡಿಯುವವರಿಗಾಗಿ ಮಾಡಿಟ್ಟ ವ್ಯವಸ್ಥೆಯಲ್ಲಿ ನಾವು ಸುಮ್ನೆ ತೂರಿಕೊಳ್ಳುತ್ತೇವೆ, ಅಷ್ಟೇ.

ಹಾಗಾದರೆ ದುಬಾರಿ ಯಾವುದು? ಜಾಗ. ಮಲಗುವ ಆರಡಿ ಮೂರಡಿ ಜಾಗ. ಮುಂಬೈನಲ್ಲಿ ನಿಮ್ಮ ದುಡ್ಡು ಹೋಗುವುದು ಅಲ್ಲೇ. ಇಲ್ಲಿ ಜಿಪುಣತನ ಮಾಡಬೇಡಿ ಅನ್ನುತ್ತೇನೆ ನಾನು. ನಾಲ್ಕುನೂರು ರೂಪಾಯಿ ಉಳಿಯುತ್ತದೆ ಅಂತ ಎಲ್ಲೋ ಹೆದ್ದಾರಿ ಪಕ್ಕದಲ್ಲಿ, ಸ್ಟೇಶನ್ನಿಂದ ಆಟೋ ಹಿಡಿದು ಮುಕ್ಕಾಲು ಗಂಟೆ ದೂರದಲ್ಲಿ ರೂಮು ಮಾಡಿದರೆ ಆ ಉಳಿತಾಯವೆಲ್ಲ ಆಟೋಗೇ ಹೋಗುತ್ತದೆ. ಹೋದ ಸಮಯದ ಲೆಕ್ಕ ಬೇರೆ. ರೂಮು ಹುಡುಕುವಾಗ ಕೇಳಬೇಕಾದ ಪ್ರಶ್ನೆ ಒಂದೇ: ಸ್ಟೇಶನ್ನಿಗೆ ನಡೆದು ಎಷ್ಟು ಹೊತ್ತು? ಫೋರ್ಟ್ ಕಡೆಯ ಹಳೇ ಕಟ್ಟಡಗಳ ಲಾಡ್ಜು, ಅಂಧೇರಿ ಕಡೆಯ ಡಾರ್ಮಿಟರಿ, ರೈಲ್ವೆಯದ್ದೇ ರಿಟೈರಿಂಗ್ ರೂಮು, ಯಾವುದಾದರೂ ಸರಿ. ಮುಂಬೈ ಸೆಂಟ್ರಲ್ ಸ್ಟೇಶನ್ನಿನಲ್ಲಿ 2021ರಲ್ಲಿ ಪಾಡ್ ಹೋಟೆಲ್ ಕೂಡ ಶುರುವಾಯಿತು, ಪೆಟ್ಟಿಗೆಯೊಳಗೆ ಮಲಗಿದ ಹಾಗೆ. ಮೈ ಚಾಚಲು ಸಾಕು, ಮನಸ್ಸು ಚಾಚಲು ಆಗುವುದಿಲ್ಲ. ಫೋಟೋ ನೋಡಿ ಮಾತ್ರ ಬುಕ್ ಮಾಡಬೇಡಿ. ನಾನೊಂದು ಕಡೆ ಉಳಿದಿದ್ದೆ. ಫೋಟೋದಲ್ಲಿ ಹಾಲ್‌ನಂತಿದ್ದ ರೂಮಿಗೆ ನಡುವೆ ಪ್ಲೈವುಡ್ ಹೊಡೆದು ಎರಡು ಮಾಡಿದ್ದರು. ಪಕ್ಕದ ರೂಮಿನವರ ಅಲಾರಾಂಗೆ ಎದ್ದು ಸ್ನಾನಕ್ಕೆ ಹೋಗುತ್ತಿದ್ದೆ.

ಊರಿನ ಆಕಾರವೂ ಬಡ ಪ್ರವಾಸಿಗೆ ಅನುಕೂಲವಾಗಿದೆ. ಮುಂಬೈ ಉದ್ದಕ್ಕೆ ಬೆಳೆದ ಊರು. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಕ್ರೀಕು, ಅಂದರೆ ನೆಲದೊಳಕ್ಕೆ ನುಗ್ಗಿದ ಸಮುದ್ರದ ನೀರು. ಹರಡಿಕೊಳ್ಳಲು ಜಾಗವಿಲ್ಲ. 1853ರ ಏಪ್ರಿಲ್ 16ರಂದು ಬೋರಿಬಂದರ್‌ನಿಂದ ಠಾಣೆಗೆ ಮೊದಲ ಪ್ಯಾಸೆಂಜರ್ ರೈಲು ಓಡಿತು, ಆಮೇಲೆ ಊರು ಹಳಿಯ ಗುಂಟವೇ ಬೆಳೆಯಿತು. ಹಾಗಾಗಿ ವೆಸ್ಟರ್ನ್, ಸೆಂಟ್ರಲ್, ಹಾರ್ಬರ್ ಅನ್ನುವ ಮೂರು ಲೈನು ತಲೆಯಲ್ಲಿದ್ದರೆ ಊರೇ ತಲೆಯಲ್ಲಿದ್ದಂತೆ. ಕಳೆದುಹೋಗುವುದು ಕಷ್ಟ. ಪ್ಲಾಟ್‌ಫಾರ್ಮಿನ ಇಂಡಿಕೇಟರ್ ಬೋರ್ಡು ಓದಲು ಕಲಿಯಿರಿ. ಎಸ್ ಅಂದರೆ ಸ್ಲೋ, ಎಲ್ಲ ಕಡೆ ನಿಲ್ಲುತ್ತದೆ. ಎಫ್ ಅಂದರೆ ಫಾಸ್ಟ್, ನಿಮ್ಮ ಸ್ಟೇಶನ್ನನ್ನು ಕಣ್ಣೆದುರೇ ಹಾರಿಸಿಕೊಂಡು ಹೋಗುತ್ತದೆ. ಈಗ ಆರೆಯಿಂದ ಕಫ್ ಪರೇಡ್‌ವರೆಗೆ ನೆಲದಡಿಯ ಮೆಟ್ರೋ ಕೂಡ ಪೂರ್ತಿ ಓಡುತ್ತಿದೆ, 2025ರ ಅಕ್ಟೋಬರ್‌ನಿಂದ. ತಂಪಾಗಿದೆ, ಚೆನ್ನಾಗಿದೆ. ಆದರೆ ಅದರಲ್ಲಿ ಕೂತರೆ ಮುಂಬೈ ಕಾಣುವುದಿಲ್ಲ.

ಮುಂಬೈ ಕಾಣಬೇಕಾದರೆ ಲೋಕಲ್‌ನ ಸೆಕೆಂಡ್ ಕ್ಲಾಸ್ ಲೇಡೀಸ್ ಡಬ್ಬ ಹತ್ತಬೇಕು. (ಗಂಡಸರು ಕ್ಷಮಿಸಿ, ನಿಮ್ಮ ಡಬ್ಬದ ಕಥೆ ನೀವೇ ಬರೆಯಿರಿ.) ಅದು ಎಲ್ಲಿ ಬಂದು ನಿಲ್ಲುತ್ತದೆ ಅಂತ ಹುಡುಕುವುದೇ ಬೇಡ. ಪ್ಲಾಟ್‌ಫಾರ್ಮಿನಲ್ಲಿ ಹೆಂಗಸರು ಗುಂಪಾಗಿ ನಿಂತ ಕಡೆ ನಿಂತರೆ ಡಬ್ಬ ಅಲ್ಲಿಗೇ ಬರುತ್ತದೆ. ಒಳಗೆ ಮೂವರು ಕೂರುವ ಸೀಟಿನಲ್ಲಿ ನಾಲ್ಕನೆಯವಳಿಗೂ ಹಕ್ಕಿದೆ. ಅರ್ಧ ಕುಂಡಿ ಸೀಟಿನ ಮೇಲೆ, ಇನ್ನರ್ಧ ಗಾಳಿಯಲ್ಲಿ. ಅದನ್ನು ಯಾರೂ ಉಪಕಾರ ಅಂದುಕೊಳ್ಳುವುದಿಲ್ಲ, ಕೇಳಿದರೆ ಸರಿಯುತ್ತಾರೆ. ಹತ್ತಿದ ಕೂಡಲೇ ಒಬ್ಬಳು ಕೂತವರನ್ನು ಸಾಲಾಗಿ ಕೇಳಿಕೊಂಡು ಬರುತ್ತಾಳೆ, "ಕುಠೆ ಉತರ್‌ಣಾರ್?" ಎಲ್ಲಿ ಇಳಿಯುತ್ತೀರಿ ಅಂತ. ನೀವು ದಾದರ್ ಅಂದರೆ ಆ ಸೀಟು ಅವಳ ಹೆಸರಿಗೆ ಬುಕ್ಕಾಯಿತು. ಆಮೇಲೆ ಬಂದವರು ಕೇಳಿದರೆ ಅವಳೇ ಹೇಳುತ್ತಾಳೆ, ನಂದು ಅಂತ. ಚೀಟಿಯಿಲ್ಲ, ಸಾಕ್ಷಿಯಿಲ್ಲ, ಆದರೂ ನಡೆಯುತ್ತದೆ. ಮೆಥಿ ಸೊಪ್ಪು ಬಿಡಿಸುವವರಿದ್ದಾರೆ, ಬಟಾಣಿ ಸುಲಿಯುವವರಿದ್ದಾರೆ. ಕಿವಿಯೋಲೆ, ಕ್ಲಿಪ್ಪು ಮಾರುವವಳು ಸರಕನ್ನೆಲ್ಲ ಮೇಲಿನ ಹಿಡಿಕೆಯ ಕಂಬಿಗೆ ನೇತುಹಾಕುತ್ತಾಳೆ. ಇಡೀ ಡಬ್ಬದ ಹೆಂಗಸರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಅಲ್ಲಿಂದಲ್ಲಿಗೆ ದಾಟಿಸಿ, ದುಡ್ಡನ್ನೂ ಕೈಯಿಂದ ಕೈಗೆ ಕಳಿಸುತ್ತಾರೆ. ಚಿಲ್ಲರೆ ವಾಪಸ್ ಬರುತ್ತದೆ, ಲೆಕ್ಕ ತಪ್ಪುವುದಿಲ್ಲ.

ಆದರೆ ಒಂದು ಮಾತು. ಬೆಳಿಗ್ಗೆ ಎಂಟರಿಂದ ಹತ್ತೂವರೆ, ಸಂಜೆ ಐದೂವರೆಯಿಂದ ಎಂಟು, ಈ ಹೊತ್ತಿನಲ್ಲಿ ಲೋಕಲ್ ಹತ್ತಬೇಡಿ. "ರಶ್ ಅವರ್ ಅನುಭವ" ಅಂತ ರೀಲ್ಸ್ ಮಾಡುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಡೊಂಬಿವಲಿಯಲ್ಲಿರುವ ನನ್ನ ಚಿಕ್ಕಮ್ಮ ಫೋನಿನಲ್ಲೇ ಎಚ್ಚರಿಸಿದ್ದರು. "ಒಂಬತ್ತು ಗಂಟೆಗೆ ಸ್ಟೇಶನ್ನಿಗೆ ಬರ್ಬೇಡ ಮಾರಾಯ್ತಿ. ನಿಂಗೆ ತಿರುಗಾಟ. ನಮ್ಗೆ ಲೇಟ್ ಮಾರ್ಕ್ ಬೀಳ್ತದೆ." ನೀವು ತಡೆದು ನಿಂತ ಆ ಒಂದಡಿ ಜಾಗಕ್ಕಾಗಿ ಯಾರೋ ಬಾಗಿಲಲ್ಲಿ ನೇತಾಡುತ್ತಿರುತ್ತಾರೆ. ಈ ಹಳಿಗಳ ಮೇಲೆ ವರ್ಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಜನ ಸಾಯುತ್ತಾರೆ. ಅದರಲ್ಲಿ ನೋಡಿ ಖುಷಿಪಡುವಂಥದ್ದು ಏನಿದೆ? ಹನ್ನೊಂದು ಗಂಟೆಗೆ ಹತ್ತಿ, ನಾಲ್ಕಕ್ಕೆ ವಾಪಸ್ ಬನ್ನಿ. ಕಿಟಕಿ ಸೀಟು ಸಿಗುತ್ತದೆ.

ಊಟಕ್ಕೆ ದಕ್ಷಿಣದವರು ಬಂದು ನೆಲೆಸಿದ ಮಾಟುಂಗಕ್ಕೆ ಬನ್ನಿ. ಸೆಂಟ್ರಲ್ ಲೈನಿನ ಮಾಟುಂಗ, ಸ್ಲೋ ಗಾಡಿಯೇ ಬೇಕು. ವೆಸ್ಟರ್ನ್ ಲೈನಿನ ಮಾಟುಂಗ ರೋಡ್ ಬೇರೆ ಸ್ಟೇಶನ್ನು. ಈ ಮಾಟುಂಗ ಸ್ಟೇಶನ್ನನ್ನು 2017ರಿಂದ ಪೂರ್ತಿ ಹೆಂಗಸರೇ ನಡೆಸುತ್ತಿದ್ದಾರೆ. ಹೊರಗೆ ಬಂದರೆ ಹೂವು, ಬಾಳೆಎಲೆ, ಕರಿಬೇವು, ಫಿಲ್ಟರ್ ಕಾಫಿಯ ವಾಸನೆ. ನಮ್ಮ ಕರಾವಳಿಯ ಎಷ್ಟೋ ಮನೆಗಳಲ್ಲಿ ಒಬ್ಬರಾದರೂ "ಬೊಂಬಾಯಿಗೆ ಓಡಿಹೋದ" ಮಾವಂದಿರು ಇದ್ದೇ ಇರುತ್ತಾರೆ, ಅಲ್ವಾ? ಹನ್ನೆರಡು ಹದಿಮೂರು ವರ್ಷಕ್ಕೇ ಬಂದು, ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಕನ್ನಡ ಶಾಲೆಯಲ್ಲಿ ಓದಿ, ಅದೇ ಹೋಟೆಲಿನ ಬೆಂಚಿನ ಮೇಲೆ ಮಲಗಿದವರು. ಮುಂಬೈಯನ್ನು ಕಮ್ಮಿ ಕಾಸಿನಲ್ಲಿ ಕಂಡವರು ಅಂದರೆ ಅವರು. ನಾವು ಬೆನ್ನಿಗೆ ಬ್ಯಾಗು ಹಾಕಿಕೊಂಡು "ಬಜೆಟ್ ಟ್ರಿಪ್" ಅನ್ನುವುದು ಅವರ ಮುಂದೆ ಸ್ವಲ್ಪ ನಾಚಿಕೆಯ ವಿಷಯವೇ. ಮಂಗಳೂರಿನಿಂದ 1949ರಲ್ಲಿ ಬಂದ ಜಾರ್ಜ್ ಫರ್ನಾಂಡಿಸ್ ಕೂಡ ಶುರುವಿನಲ್ಲಿ ಮಲಗಿದ್ದು ಇಲ್ಲಿನ ಫುಟ್‌ಪಾತಿನಲ್ಲೇ.

ಸ್ಟೇಶನ್ನಿನ ಎದುರಿನ ಮಾರ್ಕೆಟ್ ಕಟ್ಟಡದ ಮೇಲಿರುವ ರಾಮಾ ನಾಯಕ್ ಅವರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ 1942ರದ್ದು. ಸರದಿಯಲ್ಲಿ ಕಾಯಬೇಕು. ಆದರೆ ಬಾಳೆಎಲೆಯ ಮೇಲೆ ಬಿಸಿ ಅನ್ನ, ಸಾರು, ಪಲ್ಯ ಬಿದ್ದ ಮೇಲೆ ಕಾದದ್ದು ಮರೆತುಹೋಗುತ್ತದೆ. ಬೇಕಾದಷ್ಟು ಬಡಿಸುವ ಊಟ ಮಾಡಿದರೆ ರಾತ್ರಿಗೆ ಒಂದು ವಡಾಪಾವ್ ಸಾಕು. ಅದೂ ಉಳಿತಾಯವೇ. ಇನ್ನು ಇಲ್ಲೇ ಇರುವ ಕೆಫೆ ಮದ್ರಾಸ್ ಚೆನ್ನಾಗಿದೆಯೋ ಕೆಫೆ ಮೈಸೂರು ಚೆನ್ನಾಗಿದೆಯೋ ಅನ್ನುವ ಜಗಳಕ್ಕೆ ನಾನು ಬರುವುದಿಲ್ಲ.

ನೋಡುವ ಜಾಗಗಳಲ್ಲಿ ಅರ್ಧಕ್ಕರ್ಧ ಪುಕ್ಕಟೆ. ಓವಲ್ ಮೈದಾನದ ನಡುವೆ ಹೋಗಿ ನಿಲ್ಲಿ. ಪೂರ್ವಕ್ಕೆ ಹೈಕೋರ್ಟು, ಯೂನಿವರ್ಸಿಟಿ, ರಾಜಾಬಾಯಿ ಗಡಿಯಾರ ಗೋಪುರ, ಎಲ್ಲ ಚೂಪು ಚೂಪು ಕಲ್ಲಿನ ಗೋಥಿಕ್. ತಿರುಗಿ ಪಶ್ಚಿಮಕ್ಕೆ ನೋಡಿದರೆ ದುಂಡು ಬಾಲ್ಕನಿಗಳ ಆರ್ಟ್ ಡೆಕೊ ಮನೆಗಳು. ಇವೆರಡನ್ನೂ ಸೇರಿಸಿ 2018ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಹಾಕಿತು. ನಡುವೆ ಹತ್ತಾರು ಟೀಮುಗಳು ಒಂದರ ಮೈಮೇಲೆ ಒಂದು ಬಿದ್ದಂತೆ ಕ್ರಿಕೆಟ್ ಆಡುತ್ತಿರುತ್ತವೆ. ಚೆಂಡು ಯಾರದ್ದು ಅಂತ ಅವರಿಗೇ ಗೊತ್ತಿರಬೇಕು. ಜಹಾಂಗೀರ್ ಆರ್ಟ್ ಗ್ಯಾಲರಿ, ಬಾಣಗಂಗಾ ಕಲ್ಯಾಣಿ, ಎರಡಕ್ಕೂ ಕಾಲು ಸವೆಸಿದರೆ ಸಾಕು. ಮರೀನ್ ಡ್ರೈವ್ ಬಗ್ಗೆ ಎಲ್ಲರೂ ಬರೆದಿದ್ದಾರೆ, ಬಿಡಿ.

ಎಲಿಫೆಂಟಾ ದ್ವೀಪದ ಗುಹೆಗಳಿಗೆ ದೋಣಿ ದುಡ್ಡು ಕೊಟ್ಟು ಹೋಗುವವರು ಹೋಗಲಿ. ಅಲ್ಲಿನ ಮೂರು ಮುಖದ ತ್ರಿಮೂರ್ತಿ ಶಿಲ್ಪ ದೊಡ್ಡದೇ, ಎರಡು ಮಾತಿಲ್ಲ. ಆದರೆ ಒಂದನ್ನೇ ಆರಿಸು ಅಂದರೆ ನಾನು ಕಾನ್ಹೇರಿ ಅನ್ನುತ್ತೇನೆ. ಬೋರಿವಲಿಯಲ್ಲಿ ಇಳಿದು ಸಂಜಯ್ ಗಾಂಧಿ ನ್ಯಾಷನಲ್ ಪಾರ್ಕಿನೊಳಗೆ ಹೋದರೆ, ಕಪ್ಪು ಬಸಾಲ್ಟ್ ಗುಡ್ಡದಲ್ಲಿ ಕೊರೆದ ನೂರಕ್ಕೂ ಜಾಸ್ತಿ ಬೌದ್ಧ ಗುಹೆಗಳು. ಮೂರನೇ ಗುಹೆಯ ಚೈತ್ಯ, ಅದರ ಬಾಗಿಲ ಪಕ್ಕದ ಎತ್ತರದ ಬುದ್ಧರನ್ನು ಎಲ್ಲರೂ ನೋಡುತ್ತಾರೆ. ನೀವು ಮೇಲಕ್ಕೆ ಹತ್ತಿ, ಸಣ್ಣ ಗುಹೆಗಳ ಬಾಗಿಲಲ್ಲಿ ಬಗ್ಗಿ ನೋಡಿ. ಅಲ್ಲಲ್ಲಿ ಪಕ್ಕದಲ್ಲೇ ಬಂಡೆಯೊಳಗೆ ಒಂದು ನೀರಿನ ತೊಟ್ಟಿ. ಬಂಡೆಯ ಮೇಲೆ ಬಿದ್ದ ಮಳೆನೀರು ಹರಿದು ಬಂದು ಅದಕ್ಕೇ ಬೀಳುವ ಹಾಗೆ ಸಣ್ಣ ಕಾಲುವೆ ಕೊರೆದಿದ್ದಾರೆ. ಒಳಗೆ ಮಲಗಲು ಕಲ್ಲಿನದೇ ಜಗುಲಿ. ಮನುಷ್ಯನೊಬ್ಬನಿಗೆ ಬೇಕಾದ ಜಾಗ ಮತ್ತು ನೀರು, ಅದಕ್ಕಿಂತ ಒಂದಿಂಚು ಜಾಸ್ತಿ ಇಲ್ಲ. ಸೋಮವಾರ ಹೋಗಬೇಡಿ, ಪಾರ್ಕೂ ಎಲಿಫೆಂಟಾವೂ ಆವತ್ತು ಮುಚ್ಚಿರುತ್ತವೆ. ಪಾರ್ಕಿನ ಟಿಕೆಟ್ ಬೇರೆ, ಗುಹೆಯದ್ದು ಬೇರೆ. ತಿಂಡಿ ಪೊಟ್ಟಣ ಕೈಯಲ್ಲಿ ಹಿಡಿಯಬೇಡಿ, ಮಂಗಗಳಿವೆ.

ದೋಣಿಯಲ್ಲಿ ಕೂರಲೇಬೇಕು ಅನ್ನುವ ಆಸೆಯಿದ್ದರೆ ವರ್ಸೋವಾದಿಂದ ಕ್ರೀಕಿನ ಆಚೆ ದಡದ ಮಡ್‌ಗೆ ದಾಟಿ. ಚಿಲ್ಲರೆ ಕಾಸಿನ ಕೆಲಸ, ನಿಮಿಷಗಳ ದಾರಿ. ಪಕ್ಕದಲ್ಲಿ ಮೀನಿನ ಬುಟ್ಟಿ ಹಿಡಿದ, ಕೋಳಿ ಅನ್ನುವ ಮೀನುಗಾರ ಸಮುದಾಯದ ಹೆಂಗಸರು, ಎದುರಿಗೆ ಯಾರದ್ದೋ ಬೈಕು.

ನಾನು ಮಾಡದ ಒಂದು ಕೆಲಸ ಧಾರಾವಿ ಕೊಳೆಗೇರಿಯ ಟೂರ್. ಹೋದವರಲ್ಲಿ ಒಳ್ಳೆಯದು ಹೇಳುವವರೂ ಇದ್ದಾರೆ, ಅಲ್ಲಿನ ಚರ್ಮದ ಕೆಲಸ, ಕುಂಬಾರವಾಡ ನೋಡಿ ಬೆರಗಾದವರು. ಆದರೂ ದುಡ್ಡು ಕೊಟ್ಟು ಇನ್ನೊಬ್ಬರ ಅಡುಗೆಮನೆ ಇಣುಕುವುದು ನನಗೆ ಸರಿಬರಲಿಲ್ಲ. ಕೊಳ್ಳಲು ಹೋಗಿ, ಆಗ ಬೇರೆ ಮಾತು. ಮಡಕೆ ಬೇಕಾ, ಕುಂಬಾರವಾಡಕ್ಕೆ ಹೋಗಿ ಚೌಕಾಸಿ ಮಾಡಿ. ಸಸೂನ್ ಡಾಕಿಗೆ ಬೆಳಗಿನ ಜಾವದ ಮೀನಿನ ಹರಾಜು ನೋಡಲು ಹೋದರೂ ಅಷ್ಟೇ. ದಾರಿಗೆ ಅಡ್ಡ ನಿಂತು ಕ್ಯಾಮೆರಾ ಎತ್ತಿದರೆ ಬುಟ್ಟಿ ಹೊತ್ತು ಬರುವವಳು ಬೈಯುತ್ತಾಳೆ. ಬೈಯಬೇಕಾದ್ದೇ.

ಕೊನೆಗೆ ಕಾಲದ ವಿಷಯ. ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯದು. ಏಪ್ರಿಲ್, ಮೇ ಬೆವರಿನ ಬಗ್ಗೆ ಕರಾವಳಿಯವರಿಗೆ ಹೇಳಬೇಕಿಲ್ಲ, ಬಯಲುಸೀಮೆಯವರು ಜೀನ್ಸ್ ಮನೆಯಲ್ಲೇ ಬಿಟ್ಟು ಬನ್ನಿ. ಜುಲೈನಲ್ಲಿ ಡಾರ್ಮಿಟರಿ ದರ ಇಳಿದಿರುತ್ತದೆ, ಆದರೆ ದೊಡ್ಡ ಮಳೆಯೂ ಸಮುದ್ರದ ಭರತವೂ (ಅಂದರೆ ಉಬ್ಬರ) ಒಟ್ಟಿಗೆ ಬಂದರೆ ನೀರು ಹೋಗಲು ದಾರಿಯಿಲ್ಲ, ಲೋಕಲ್ ನಿಲ್ಲುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಸುರಿದಾಗ ಚಿಕ್ಕಮ್ಮ ಆಫೀಸಿನಿಂದ ಹಳಿಯ ಮೇಲೆ ನಡೆದುಕೊಂಡು ಹೊರಟವರು, ಮನೆ ಮುಟ್ಟಿದ್ದು ಮರುದಿನ. ದಾರಿಯಲ್ಲಿ ಗುರುತಿಲ್ಲದವರು ಚಹಾ, ಬಿಸ್ಕತ್ತು ಕೊಟ್ಟರಂತೆ. ಆದರೂ ಮಳೆಯಲ್ಲೇ ಮುಂಬೈ ನೋಡಬೇಕು ಅಂದಿದ್ದಕ್ಕೆ ಅವರು ಬೇಡ ಅನ್ನಲಿಲ್ಲ. "ಬಾ. ಭರತ ಎಷ್ಟು ಗಂಟೆಗೆ ಅಂತ ಪೇಪರಿನಲ್ಲಿ ನೋಡ್ಕೊಂಡು ಹೊರಗೆ ಹೋಗು. ಮತ್ತೆ ಚಪ್ಪಲಿ ಎರಡು ಜೊತೆ ತಾ."