ಯಾದಗಿರಿಯಿಂದ ಬರುವ ಒಟಿಪಿ

ಮಂಗಳೂರಿನ ಒಂದು ಸರಕಾರಿ ಕಚೇರಿಗೆ ಸ್ವಂತ ವೆಬ್ ಆ್ಯಪ್ ಉಂಟು. ಅದರ ಅಡ್ಮಿನ್ ಯಾದಗಿರಿಯಲ್ಲಿದ್ದಾರೆ. ವರ್ಗವಾಗಿ ಹೋದವರು. ಹೋಗುವಾಗ ಶಾಲು, ಹಾರ, ಗ್ರೂಪ್ ಫೋಟೋ ಎಲ್ಲ ಆಯಿತು. ಚಾರ್ಜ್ ಪಟ್ಟಿಯಲ್ಲಿ ಗೋಡೆ ಗಡಿಯಾರದಿಂದ ಹಿಡಿದು ಕೈ ಮುರಿದ ಕುರ್ಚಿಯವರೆಗೆ ಬರೆದು ಸಹಿ ಹಾಕಿಸಿಕೊಂಡರು. ಅಡ್ಮಿನ್ ಲಾಗಿನ್‌ಗೆ ಮಾತ್ರ ಆ ಪಟ್ಟಿಯಲ್ಲಿ ಕಾಲಮ್ಮೇ ಇರಲಿಲ್ಲ.

ಹಾಗಾಗಿ ಸುರತ್ಕಲ್ಲಿನಿಂದ ಬಸ್ಸು ಹಿಡಿದು ಬಂದ ಅಜ್ಜಿಯ ಅರ್ಜಿ ಮಂಜೂರಾಗಬೇಕಾದರೆ ಒಟಿಪಿ ಯಾದಗಿರಿಗೆ ಹೋಗಿ ಬರಬೇಕು. ಆಪರೇಟರ್ ಹುಡುಗ ಫೋನ್ ಮಾಡುತ್ತಾನೆ.

"ಸಾರ್, ನಮಸ್ಕಾರ, ಮಂಗಳೂರಿಂದ. ಒಂದು ಒಟಿಪಿ ಬಂದಿರಬೇಕಲ್ಲ?"

"ಮೀಟಿಂಗಲ್ಲಿದ್ದೀನಪ್ಪ, ಆಮೇಲೆ ಮಾಡು."

ಮೀಟಿಂಗ್ ಮುಗಿಯುವಷ್ಟು ಆಯುಸ್ಸು ಒಟಿಪಿಗಿಲ್ಲ. ಅಜ್ಜಿ ಕೇಳುತ್ತಾರೆ, "ಎಂತ ಮಗಾ, ಸರ್ವರ್ ಇಲ್ವಾ?"

"ಸರ್ವರ್ ಉಂಟು ಅಜ್ಜಿ. ಸಾಹೇಬರು ಇಲ್ಲ."

ಆ ಹುಡುಗನಿಗೇ ಅನುಮತಿ ಕೊಡಬಹುದಲ್ವಾ? ಕೊಟ್ಟಿದ್ದಾರೆ, ನೋಡುವುದಕ್ಕೆ ಮಾತ್ರ. ಈ ಆ್ಯಪಿನ ಯೂಸರ್ ಪಟ್ಟಿ ನಮ್ಮ ಕಡೆಯ ಬ್ರಹ್ಮಕಲಶೋತ್ಸವದ ಆಮಂತ್ರಣ ಪತ್ರಿಕೆಯ ಹಾಗೆ. ಗೌರವಾಧ್ಯಕ್ಷರ ಹೆಸರು ಮೇಲೆ ದಪ್ಪಕ್ಷರದಲ್ಲಿ, ಚಪ್ಪರ ಹಾಕಿದವನ ಹೆಸರು ಕೊನೆಯ ಪುಟದಲ್ಲೂ ಇಲ್ಲ. ಮೌಸ್ ಮುಟ್ಟದ ಹಿರಿಯರಿಗೆಲ್ಲ ಎಡಿಟರ್ ಅಧಿಕಾರ. ಒಬ್ಬರಿಗೆ ಕೊಟ್ಟು ಇನ್ನೊಬ್ಬರಿಗೆ ಬಿಟ್ಟರೆ ಬೇಸರ ಆಗುತ್ತದಲ್ಲ! ಅವರೆಲ್ಲರ ಪಾಸ್‌ವರ್ಡ್ ಚೀಟಿಯಲ್ಲಿ ಬರೆದು ಹುಡುಗನ ಮಾನಿಟರಿಗೆ ಅಂಟಿಸಿದ್ದಾರೆ. ಎಲ್ಲರ ಕೆಲಸ ಮಾಡುವವನು ಅವನೇ ತಾನೆ.

ಕೆಲಸಕ್ಕೆ ಎಷ್ಟು ಬೇಕೋ ಅಷ್ಟೇ ಅಧಿಕಾರ ಕೊಡಿ ಅಂತ ಸಾಲ್ಟ್‌ಜರ್, ಶ್ರೋಡರ್ ಎಂಬ ಕಂಪ್ಯೂಟರ್ ವಿಜ್ಞಾನಿಗಳು 1975ರಲ್ಲೇ ಬರೆದಿಟ್ಟಿದ್ದಾರೆ. ಪಾಪ, ಅವರು ನಮ್ಮ ಸೀನಿಯಾರಿಟಿ ಲಿಸ್ಟ್ ನೋಡಿರಲಿಲ್ಲ.

ಹೊಸ ಸಾಹೇಬರು ಸುಮ್ನೆ ಕೂತಿಲ್ಲ. ಅಡ್ಮಿನ್ ಮೊಬೈಲ್ ನಂಬರ್ ಬದಲಿಸಿಕೊಡಿ ಅಂತ ಬೆಂಗಳೂರಿಗೆ ಬರೆದರು. ಉತ್ತರ ಬೇಗನೇ ಬಂತು: "ಸದರಿ ಕೋರಿಕೆಯನ್ನು ಅಡ್ಮಿನ್ ಲಾಗಿನ್ ಮೂಲಕವೇ ಸಲ್ಲಿಸತಕ್ಕದ್ದು." ಜೊತೆಗೆ ಒಂದು ಸುತ್ತೋಲೆ, ಪಾಸ್‌ವರ್ಡನ್ನು ಯಾರಿಗೂ ಹೇಳಕೂಡದು ಅಂತ. ಅದನ್ನೂ ಮಾನಿಟರಿಗೇ ಅಂಟಿಸಿದ್ದಾರೆ. ಪಾಸ್‌ವರ್ಡಿನ ಚೀಟಿ ಮುಚ್ಚಿಹೋಗದ ಹಾಗೆ, ಸ್ವಲ್ಪ ಓರೆಯಾಗಿ.

ಇಷ್ಟೆಲ್ಲ ಕಾವಲು ಇರುವ ಆ್ಯಪಿನ ಹಿಂಬದಿ ಮಾತ್ರ ಬಟಾಬಯಲು. ನಿಮ್ಮ ಅರ್ಜಿಯ ಲಿಂಕಿನ ಕೊನೆಗೆ 118 ಇದೆ ಅಂತ ಇಟ್ಟುಕೊಳ್ಳಿ. ಅದನ್ನು 119 ಮಾಡಿ ಎಂಟರ್ ಒತ್ತಿದರೆ ಇನ್ಯಾರದ್ದೋ ಅರ್ಜಿ ಫೋನ್ ನಂಬರ್, ಆಧಾರ್ ಸಮೇತ ಬಂದು ಕೂರುತ್ತದೆ. 120 ಮಾಡಿದರೆ ಮತ್ತೊಬ್ಬರದ್ದು. ಲಾಗಿನ್ ಬೇಡ, ಒಟಿಪಿ ಬೇಡ, ಯಾದಗಿರಿಯೂ ಬೇಡ. ವೆಬ್ ಆ್ಯಪ್‌ಗಳ ಅಪಾಯಗಳನ್ನು ಪಟ್ಟಿ ಮಾಡುವ ಓವಾಸ್ಪ್ ಸಂಸ್ಥೆ 2021ರಲ್ಲಿ ಇಂಥ ಅನುಮತಿ ಎಡವಟ್ಟುಗಳಿಗೆ ಮೊದಲ ಸ್ಥಾನ ಕೊಟ್ಟಿತು. ಮೊದಲ ಸ್ಥಾನ ಅಂದರೆ ನಮ್ಮವರು ಬಿಡುತ್ತಾರಾ?

ಈಗ ಕಚೇರಿಯವರೂ ಇದೇ ದಾರಿ ಹಿಡಿದಿದ್ದಾರೆ. ಯಾರದ್ದಾದರೂ ಅರ್ಜಿ ನೋಡಬೇಕಾದರೆ ಲಾಗಿನ್ ಗೋಜಿಗೇ ಹೋಗುವುದಿಲ್ಲ, ನಂಬರ್ ಬದಲಿಸಿ ನೋಡುತ್ತಾರೆ. ಹೊಸ ಸಾಹೇಬರಿಗೂ ಇದು ಹಿಡಿಸಿದೆ. "ಭಾರೀ ಫಾಸ್ಟ್ ಉಂಟು ಮಾರಾಯ್ರೆ" ಅಂದರಂತೆ.